ಜೋಳ

ಓಣಿಗೆಲ್ಲ ಅವಳು ಬೀಜಿ.
ಹುಡುಗರಾದ ನಮಗೆ ಅದು ಬೀಜ ಎಂದೇ ಕೇಳಿಸುತ್ತಿತ್ತು.
ನಿಹಾಲ್ ಕೌರ್ ಎಂಬ ಹೆಸರು ಇದ್ದದ್ದು
ರೇಷನ್ ಕಾರ್ಡಿನಲ್ಲಿ ಮಾತ್ರ.

ಝರಾದಿಂದ ಸಿಹಿನೀರಿನ ಕೊಡ ತಂದಿಟ್ಟು
ಒಂದು ಮಧ್ಯಾಹ್ನ ಅವಳ ಮುಂದೆ ನಕಾಶೆ ಹರಡಿದೆ.
ಹತ್ತನೆಯ ಇಯತ್ತೆ, ಇತಿಹಾಸದಲ್ಲಿ ಶಾಲೆಗೇ ಮೊದಲ ನಂಬರು,
ಬಾಯಿ ತುಂಬ ಪುಸ್ತಕದ ‘ರೆ’ಗಳು:
ಬಂದಿದ್ದರೆ, ನಿಂತಿದ್ದರೆ, ಒಪ್ಪಿದ್ದರೆ.
ನಮ್ಮ ಬೀದರಿನಲ್ಲಿ ಎತ್ವ ಉದುರಿ ಅದು ಬರೀ ‘ರ’.
ಗೆರೆಯಲ್ಲೂ ಒಂದು ರೆ ಇದೆ ನೋಡು ಬೀಜಿ, ಅಂದೆ.
ಅವಳು ತಲೆ ಬಾಚಿಕೊಳ್ಳುತ್ತಿದ್ದಳು.

ನಲವತ್ತೇಳರಲ್ಲಿ ನಿಮ್ಮವರು
ಆ ಕಡೆಯವರಿಗೆ ಹ್ಞೂಂ ಅಂದಿದ್ದರೆ?
ಇಡೀ ಪಂಜಾಬು ಹಾಗೇ ಉಳಿದು
ಗೆರೆ ಯಮುನೆಯ ಹತ್ತಿರ ಎಲ್ಲೋ ಬಿದ್ದಿದ್ದರೆ?
ಚಂದ್ರನ ಬಾವುಟದ ಕೆಳಗೆ ಪಗಡಿಯ ಮಂತ್ರಿಗಳು,
ನೋಟಿನ ಮೇಲೆ ಮೂರು ಲಿಪಿ,
ಲಾಯಲ್‌ಪುರದ ನಿನ್ನ ಹತ್ತಿ ನಿನ್ನದೇ ಹತ್ತಿ.
ಆ ಆಗಸ್ಟಿನ ರೈಲಿನೊಳಗೆ ಜನ
ಕಿಟಕಿ ಸೀಟಿಗೆ ಜಗಳಾಡುತ್ತ,
ಯಾರದೋ ಉಪ್ಪಿನಕಾಯಿ ಭರಣಿ ಸೋರಿ
ಯಾರದೋ ಹಾಸಿಗೆ ಕೆಟ್ಟು,
ಅಷ್ಟೇ, ಬೇರೇನೂ ಸೋರದೆ.
ನಿನ್ನ ಅಣ್ಣ ಲಾಭ್‌ಸಿಂಗ್ ಸ್ಟೇಷನ್ನಿನಲ್ಲಿ ಇಳಿದು
ಮೀಸೆ ಒರೆಸಿಕೊಂಡು ಮನೆಗೆ ನಡೆದು ಬರುತ್ತಾನೆ.
ಛಿಂದೋ ಬಾವಿಗೆ ಹೋಗುತ್ತಾಳೆ,
ನೀರು ತುಂಬಿಕೊಂಡು ವಾಪಸು ಬರುತ್ತಾಳೆ.

ಹಣಿಗೆ ನಿಂತಿತು.
ಉದುರಿದ ಬಿಳಿ ಕೂದಲು ಬೆರಳಿಗೆ ಸುತ್ತುತ್ತ,
“ಅಷ್ಟು ಸಿಹಿ ಮಾಡಬ್ಯಾಡ ಮಗಾ, ಇರುವಿ ಹತ್ತತಾವ.
ಕಾಲುವಿ ನೀರಿಗಿ ಬಡದಾಡಿದ್ದು ಹಾಕು.
ಹತ್ತು ವರ್ಷಕ್ಕ ಭಾಷಾದ ಜಗಳ ಹಾಕು.
ನಮ್ಮ ಲಾಭ ಆ ಹೊಸ ಗಡಿಗಿ ಹೋಗಿ
ಇತ್ಲಾಗಿನವರ ಮ್ಯಾಲ ಗುಂಡು ಹೊಡದದ್ದೂ ಹಾಕು.
ಉಳದಾನೋ ಇಲ್ಲೋ, ಅದು ನಾ ಕೇಳಾಂಗಿಲ್ಲ.”

ಆಮೇಲೆ ನಕ್ಕಳು, ಹಲ್ಲಿಲ್ಲದ ಕಡೆಯಿಂದ.
“ಓಡಿ ಬಂದದ್ದರ ಎಲ್ಲಿಗಿ ನಾ?
ಒಂದು ಮುಸಲ್ಮಾನರ ರಾಜ್ಯ ಬಿಟ್ಟು
ನಿಜಾಮರ ರಾಜ್ಯದಾಗ ಇಳದೆ!
ನಮ್ಮ ಸೋದರಮಾವನ ಮನಿಯವರು
ಮೂರು ತಲಿಯಿಂದ ಇಲ್ಲಿ ಹಾಲಿ ಸಿಕ್ಕಾ ಎಣಸತಿದ್ರು.
ನೀ ಕೇಳೂಕಿಂತ ಮೊದಲೇ ಹ್ಞೂಂ ಅಂದವರಪ್ಪಾ ನಾವು.”

ನಕಾಶೆಯನ್ನು ತನ್ನ ಕಡೆ ಎಳೆದುಕೊಂಡು
ಉಗುರಿನಿಂದ ಬೀದರು ಹುಡುಕಿದಳು.
ಚುಕ್ಕೆಯೂ ಇರಲಿಲ್ಲ.
“ನಾ ಅಲ್ಲೇ ಉಳದಿದ್ರ,
ಮುಂದಿನ ವರ್ಷ ಆ ಮೂರು ರಾತ್ರಿ
ಈ ಹಗೇವಿನ ಬಾಯಿಗಿ ಯಾರು ಕೂಡತಿದ್ರು?”

ಆ ಕಡೆ ನಾನು ಪೆನ್ಸಿಲು ಒಯ್ದಿರಲೇ ಇಲ್ಲ.
ನಮ್ಮ ದಾದಾ ದಸ್ತಗೀರ, ಬಿದ್ರಿ ಕೆಲಸದವ,
ಇನ್ನೂ ಮದುವೆಯಾಗದ ಹುಡುಗ,
ನಿಜಾಮರ ಬಾವುಟ ಇಳಿದ ವಾರ
ಜೋಳ ತೆಗೆದ ಹಗೇವಿನೊಳಗೆ ಮಂಡಿ ಮಡಚಿ ಕೂತಿದ್ದ.
ಮೇಲೆ ಚಪ್ಪಡಿ. ಚಪ್ಪಡಿಯ ಮೇಲೆ
ಹದಿನೆಂಟರ ಇವಳು, ಕೂದಲು ಬಿಚ್ಚಿ ಬಾಚುತ್ತ.
ಕುಡುಗೋಲು ಹಿಡಿದು ಬಂದವರು ಮೆತ್ತಗೇ ಕೇಳಿದರಂತೆ:
ನಿನ್ನವರನ್ನು ಕಡಿದದ್ದು ಇವರ ಮಂದಿಯೇ ಅಲ್ಲವೇ ತಂಗಿ,
ಕೆಳಗೇನಿದೆ?
ಆಗ ಇವಳಿಗೆ ಬರುತ್ತಿದ್ದ ಕನ್ನಡ ಒಂದೇ ಶಬ್ದ.
ಜೋಳ, ಅಂದಳಂತೆ.
ಮತ್ತೆ ಕೇಳಿದರು. ಜೋಳ.
ಮರುದಿನ ಬೇರೆಯವರು ಬಂದರು. ಜೋಳ.

ಲಾಭ್‌ಸಿಂಗ್ ಮೀಸೆ ಒರೆಸಿಕೊಂಡು ಮನೆಗೆ ಬರುವ ನಕಾಶೆಯಲ್ಲಿ
ನಾನಿಲ್ಲ, ನಮ್ಮಪ್ಪನಿಲ್ಲ,
ಝರಾದ ನೀರು ತಂದಿಟ್ಟ ಕೊಡ ಯಾರದೋ.
ರಬ್ಬರು ಕೈಯಲ್ಲೇ ಬೆವರಿತು.

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ
ಉಪ್ಪಿನಕಾಯಿ ಭರಣಿಯ ಅಡಿಗೆ ಸರಿಸಿದಳು,
ಸೋರುತ್ತದೆ ಅಂತ.

ಬಾಗಿಲ ತನಕ ಬಂದು ಚಪ್ಪಲಿ ಮೆಟ್ಟುತ್ತಿದ್ದೆ.
“ಏ ಮಗಾ,
ಛಿಂದೋ ನೀರು ತಂದ್ಲು ಅಂದೆಲ್ಲ,
ಕೊಡ ಯಾವುದಿತ್ತು?”

ಹಿತ್ತಾಳೆಯದು, ಅಂದೆ, ಬಾಯಿಗೆ ಬಂದದ್ದು.

“ಅಲ್ಲ,” ಅಂದಳು, ಬಹಳ ಹೊತ್ತಿನ ಮೇಲೆ,
“ಮಣ್ಣಿಂದು.”